ಎಡ್‌ಟೆಕ್ ಕಂಪನಿಯಲ್ಲಿ ಮೊದಲ ಕೆಲಸ: ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನ ತಿಳಿದಿರಬೇಕಾದ್ದು

ಮಾಗಡಿ: ಡಿಗ್ರಿ ಮುಗಿಸಿದ ಹುಡುಗ–ಹುಡುಗಿಯರ ಮೊಬೈಲ್‌ಗೆ ಬರುವ ಕೆಲಸದ ಜಾಹೀರಾತುಗಳಲ್ಲಿ ‘ಎಡ್‌ಟೆಕ್’ ಎಂಬ ಪದ ಈಗ ಸಾಮಾನ್ಯ. ಆನ್‌ಲೈನ್‌ನಲ್ಲಿ ಟ್ಯೂಷನ್, ಕೋಚಿಂಗ್ ಕೊಡುವ ಕಂಪನಿಗಳಿವು. ಗುಡೇಮಾರನಹಳ್ಳಿಯಂಥ ಊರಿನಿಂದ ಬಿ.ಕಾಂ, ಬಿ.ಎಸ್ಸಿ ಮುಗಿಸಿದವರೂ ಅರ್ಜಿ ಹಾಕಬಹುದು. ಎಷ್ಟೋ ಕಡೆ ಅನುಭವ ಕೇಳಲ್ಲ. ಆದರೆ ಒಳಗೆ ಮಾಡಬೇಕಾದ ಕೆಲಸ ಏನು ಅನ್ನೋದು ಮೊದಲೇ ಗೊತ್ತಿರಬೇಕು.

ಹೊಸಬರಿಗೆ ಹೆಚ್ಚಾಗಿ ಸಿಗುವ ಹುದ್ದೆ ‘ಬಿಸಿನೆಸ್ ಡೆವಲಪ್‌ಮೆಂಟ್ ಅಸೋಸಿಯೇಟ್’ ಅಥವಾ ‘ಅಕಾಡೆಮಿಕ್ ಕೌನ್ಸೆಲರ್’. ಹೆಸರು ಕೇಳಿದರೆ ಮಕ್ಕಳಿಗೆ ದಾರಿ ತೋರಿಸುವ ಕೆಲಸ ಅನ್ನಿಸುತ್ತೆ. ಅಸಲಿಗೆ ಇದು ಸೇಲ್ಸ್. ದಿನವಿಡೀ ಪೋಷಕರಿಗೆ ಫೋನ್ ಮಾಡಿ, ಒಪ್ಪಿಸಿ ಕೋರ್ಸ್ ಮಾರಬೇಕು. ಟಾರ್ಗೆಟ್ ಇರುತ್ತೆ. ಅಪ್ಪನ ಅಂಗಡಿಯಲ್ಲಿ ಕೂತು ವ್ಯಾಪಾರ ಕಲಿತವರು ಇಲ್ಲಿ ಚೆನ್ನಾಗಿಯೇ ನಿಲ್ಲಬಹುದು. ಆದರೆ ಅಂಗಡಿಗೆ ಗಿರಾಕಿ ತಾನಾಗಿ ಬರ್ತಾನೆ, ಇಲ್ಲಿ ಬೇಡ ಅಂದವರಿಗೂ ಮತ್ತೆ ಫೋನ್ ಮಾಡಬೇಕು.

ಸಂಬಳದ ಲೆಕ್ಕದಲ್ಲೇ ಎಡವುವುದು ಜಾಸ್ತಿ. ಜಾಹೀರಾತಿನಲ್ಲಿ ವರ್ಷಕ್ಕೆ 6 ಲಕ್ಷ ಅಂತಿದ್ದು, ಅದರಲ್ಲಿ 3 ಲಕ್ಷ ಮಾತ್ರ ಫಿಕ್ಸೆಡ್, ಉಳಿದದ್ದು ಇನ್ಸೆಂಟಿವ್ ಅಂತ ಇಟ್ಟುಕೊಳ್ಳಿ. ಟಾರ್ಗೆಟ್ ಮುಟ್ಟದ ತಿಂಗಳು ಸಂಬಳ 25 ಸಾವಿರ. ಪಿಎಫ್ ಇದ್ದರೆ ಅದೂ ಕಳೆಯುತ್ತೆ. ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಬಸ್ಸು ಎಲ್ಲ ಅದರಲ್ಲೇ. ಹಾಗಾಗಿ ಇಂಟರ್‌ವ್ಯೂನಲ್ಲಿ ‘ಫಿಕ್ಸೆಡ್ ಎಷ್ಟು, ಟ್ರೈನಿಂಗ್ ಅವಧಿಯಲ್ಲಿ ಎಷ್ಟು’ ಎಂದು ಕೇಳಲು ಸಂಕೋಚ ಬೇಡ.

ಕಂಪನಿ ದೊಡ್ಡದು ಅನ್ನೋದೊಂದೇ ಭರವಸೆಯಲ್ಲ. 2011ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬೈಜೂಸ್ ದೇಶದ ಅತಿ ದೊಡ್ಡ ಎಡ್‌ಟೆಕ್ ಅನ್ನಿಸಿಕೊಂಡಿತ್ತು. 2022ರ ಅಕ್ಟೋಬರ್‌ನಲ್ಲಿ ಸುಮಾರು 2,500 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿತು. 2024ರ ಜುಲೈನಲ್ಲಿ ಅದರ ಮೇಲೆ ದಿವಾಳಿ ಪ್ರಕ್ರಿಯೆಯೇ ಶುರುವಾಯಿತು. ಇದಕ್ಕೂ ಮುಂಚೆ, 2021ರ ಡಿಸೆಂಬರ್‌ನಲ್ಲಿ, ಆಟೋ ಡೆಬಿಟ್‌ಗೆ ಒಪ್ಪಿಗೆ ಕೊಡುವಾಗ ಹುಷಾರಾಗಿರಿ ಎಂದು ಕೇಂದ್ರ ಶಿಕ್ಷಣ ಸಚಿವಾಲಯ ಪೋಷಕರನ್ನು ಎಚ್ಚರಿಸಿತ್ತು. ಸಾಲದ ಕಂತಿನ ಮೇಲೆ ಕೋರ್ಸ್ ಮಾರುವಾಗ ಆ ಕಡೆ ಇರುವವರು ನಮ್ಮಂಥದ್ದೇ ಮನೆಯವರು ಅನ್ನೋದು ಫೋನ್ ಮಾಡುವ ಹುಡುಗರಿಗೂ ನೆನಪಿರಲಿ.

ಪಾಠ ಸಿದ್ಧಪಡಿಸುವ, ಪ್ರಶ್ನೆ ಬರೆಯುವ, ಮಕ್ಕಳ ಡೌಟ್ ಬಿಡಿಸುವ ಕೆಲಸಗಳೂ ಉಂಟು, ಸಂಖ್ಯೆ ಕಡಿಮೆ. ಅಲ್ಲಿ ವಿಷಯ ಗಟ್ಟಿಯಿರಬೇಕು. ಎಸ್ಸೆಸ್ಸೆಲ್ಸಿ ಗಣಿತದ ಒಂದು ಲೆಕ್ಕವನ್ನು ಕನ್ನಡದಲ್ಲಿ ಹತ್ತು ನಿಮಿಷ ವಿವರಿಸಿ, ಮೊಬೈಲ್‌ನಲ್ಲೇ ವಿಡಿಯೋ ಮಾಡಿಟ್ಟುಕೊಂಡರೆ ಅರ್ಜಿಯ ಜತೆ ಕಳಿಸಬಹುದು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಟೈಪಿಂಗ್ ಬಂದರೆ ಇನ್ನೂ ಅನುಕೂಲ.

ಕೆಲಸ ಕೊಡಿಸಲು ‘ರಿಜಿಸ್ಟ್ರೇಷನ್’, ‘ಲ್ಯಾಪ್‌ಟಾಪ್ ಡೆಪಾಸಿಟ್’ ಅಂತ ದುಡ್ಡು ಕೇಳಿದರೆ ಅಲ್ಲಿಗೇ ಬಿಡಿ. ಕೊಟ್ಟಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಅಸಲಿ ಮಾರ್ಕ್ಸ್ ಕಾರ್ಡ್ ತೋರಿಸಿ, ಜೆರಾಕ್ಸ್ ಕೊಡಿ, ಅಸಲಿಯನ್ನು ಬಿಟ್ಟು ಬರಬೇಡಿ. ಯುವನಿಧಿ ಪಡೆಯುತ್ತಿರುವವರು ಕೆಲಸ ಸಿಕ್ಕ ಮೇಲೆ ‘ನಿರುದ್ಯೋಗಿ’ ಎಂದು ಸ್ವಯಂ ಘೋಷಣೆ ಕೊಡುವಂತಿಲ್ಲ.