ಗರ್ಭದ ಮೊದಲ ಎಂಟು ವಾರ: ಕಣ್ಣಿಗೆ ಕಾಣದ್ದು ಡಾಕ್ಟರಿಗೆ ಗೊತ್ತಾದದ್ದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಸಲೀಸಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)

ಈ ಸಲದ ಪ್ರಶ್ನೆ ಹರವೆ ಕಡೆಯಿಂದ ಬಂದಿದೆ. ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಅವರ ಅತ್ತಿಗೆಗೆ ಎರಡು ತಿಂಗಳು ತುಂಬೋ ಮೊದಲೇ ಗರ್ಭ ಹೋಯಿತಂತೆ. ಮನೆಯಲ್ಲಿ ಒಬ್ಬರು ಪಪ್ಪಾಯ ತಿಂದಿದ್ದಕ್ಕೆ ಅಂದರಂತೆ, ಇನ್ನೊಬ್ಬರು ಬೈಕಲ್ಲಿ ಗುಂಡ್ಲುಪೇಟೆಗೆ ಹೋಗಿದ್ದಕ್ಕೆ ಅಂದರಂತೆ. ಡಾಕ್ಟರು ಮಾತ್ರ, ಅದ್ಯಾವುದೂ ಅಲ್ಲ, ಬೆಳವಣಿಗೆಯಲ್ಲೇ ಏನೋ ತೊಂದರೆ ಇದ್ದಿರಬೇಕು ಅಂದರಂತೆ. ಇವರ ಪ್ರಶ್ನೆ ಇಷ್ಟೇ: ಅವರೆಕಾಳಿನಷ್ಟು ಇರೋದರ ಒಳಗೆ ಏನಾಗುತ್ತೆ ಅಂತ ಡಾಕ್ಟರಿಗೆ ಹೇಗೆ ಗೊತ್ತು? ಅದನ್ನ ನೋಡಿದ್ದು ಯಾರು?

ನೋಡಿದವರು ಇದ್ದಾರೆ. ಅವರು ನೋಡಿದ್ದು ಗಾಜಿನ ಸ್ಲೈಡುಗಳ ಮೇಲೆ. ಆ ಸ್ಲೈಡುಗಳು ಇವತ್ತಿಗೂ ಇವೆ. ಬನ್ನಿ, ಅವು ಎಲ್ಲಿಂದ ಬಂದವು ಅಂತ ನೋಡೋಣ.

ಮೊದಲು ಒಂದು ಲೆಕ್ಕ

ಆಸ್ಪತ್ರೆಯಲ್ಲಾಗಲಿ, ತಾಯಿ ಕಾರ್ಡಿನಲ್ಲಾಗಲಿ, ಗರ್ಭದ ವಾರ ಎಣಿಸೋದು ಕೊನೇ ಸಲ ಮುಟ್ಟಾದ ದಿನದಿಂದ. ಆದರೆ ಗರ್ಭ ಕಟ್ಟೋದು ಅದಾಗಿ ಸುಮಾರು ಎರಡು ವಾರಕ್ಕೆ. ಅಂದ್ರೆ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘6 ವಾರ’ ಅಂತ ಇದ್ದರೆ ಭ್ರೂಣದ ನಿಜವಾದ ವಯಸ್ಸು ಸುಮಾರು 4 ವಾರ. ಇವತ್ತು ನಾನು ದಿನ, ವಾರ ಅಂತ ಹೇಳೋದೆಲ್ಲ ಈ ನಿಜವಾದ ವಯಸ್ಸಿನ ಲೆಕ್ಕ. ನೆನಪಿಟ್ಕೊಳ್ಳಿ.

ಆ ಲೆಕ್ಕದಲ್ಲಿ 22–23ನೇ ದಿನಕ್ಕೆ ಹೃದಯ ಬಡಿಯೋಕೆ ಶುರುಮಾಡುತ್ತೆ. 28ನೇ ದಿನದ ಹೊತ್ತಿಗೆ ನರನಾಳ ಮುಚ್ಚಿಕೊಳ್ಳುತ್ತೆ. ನರನಾಳ ಅಂದ್ರೆ ಮುಂದೆ ಮಿದುಳು ಮತ್ತು ಬೆನ್ನುಹುರಿ ಆಗೋ ಕೊಳವೆ. ಎಂಟನೇ ವಾರ ಮುಗಿಯುವಾಗ ಕೈಕಾಲಿನ ಬೆರಳು ಬೇರೆಬೇರೆಯಾಗಿರುತ್ತವೆ, ಉದ್ದ ಸುಮಾರು 3 ಸೆಂಟಿಮೀಟರ್. ‘ಮುಟ್ಟು ತಪ್ಪಿದೆ ಕಣೇ’ ಅಂತ ಒಬ್ಬಳು ಇನ್ನೊಬ್ಬಳಿಗೆ ಹೇಳಿ, ಪರೀಕ್ಷೆ ಮಾಡಿಸಿ, ಕಾರ್ಡ್ ಮಾಡಿಸೋ ಹೊತ್ತಿಗೆ ಇದರಲ್ಲಿ ಅರ್ಧ ಕೆಲಸ ಮುಗಿದಿರುತ್ತೆ.

ಹಿಂದಿನವರು ಇದನ್ನ ಊಹೆಯಿಂದಲೇ ಹೇಳಬೇಕಿತ್ತು. ಮಗುವಿನಲ್ಲಿ ಮೊದಲು ಹುಟ್ಟೋದು ಯಾವ ಅಂಗ ಅನ್ನೋ ವಾದ ಸುಶ್ರುತ ಸಂಹಿತೆಯಲ್ಲೇ ಇದೆ. ಒಬ್ಬರು ತಲೆ ಅಂತಾರೆ, ಒಬ್ಬರು ಹೃದಯ, ಮತ್ತೊಬ್ಬರು ಹೊಕ್ಕುಳು. ಕೊನೆಗೆ ಧನ್ವಂತರಿಯ ಉತ್ತರ ಬರುತ್ತೆ: ಎಲ್ಲವೂ ಒಟ್ಟಿಗೇ ಹುಟ್ಟುತ್ತವೆ, ಎಳೆ ಮಾವಿನ ಮಿಡಿಯಲ್ಲಿ ನಾರು, ತಿರುಳು, ಓಟೆ ಬೇರೆಯಾಗಿ ಕಾಣದ ಹಾಗೆ ಇವೂ ತೀರ ಸಣ್ಣದಾಗಿರೋದರಿಂದ ಕಾಣಲ್ಲ ಅಷ್ಟೇ. ಉಪಮೆ ಚೆನ್ನಾಗಿದೆ. ಆದರೆ ಸರಿಯೋ ತಪ್ಪೋ ಅಂತ ತಿಳಿಯೋಕೆ ಆ ಮಿಡಿಯನ್ನ ಕೊಯ್ದು, ದೊಡ್ಡದು ಮಾಡಿ ನೋಡಬೇಕಿತ್ತು.

ಡಾಕ್ಟರುಗಳಿಂದ ಬಂದ ಬಾಟಲಿಗಳು

ಕೊಯ್ದು ನೋಡೋ ದಾರಿ ತೋರಿಸಿದವರಲ್ಲಿ ಮುಖ್ಯವಾದವರು ಜರ್ಮನಿಯ ಲೈಪ್‌ಜಿಗ್‌ನ ವಿಲ್ಹೆಲ್ಮ್ ಹಿಸ್. ಅವರ ಹತ್ತಿರ ಕಲಿತ ಅಮೆರಿಕದ ಫ್ರಾಂಕ್ಲಿನ್ ಮಾಲ್ ಅನ್ನೋ ಅಂಗರಚನಾ ತಜ್ಞರಿಗೆ 1887ರಲ್ಲಿ ಮೊದಲ ಮಾನವ ಭ್ರೂಣ ಸಿಕ್ಕಿತು. ಒಂದರಿಂದ ಏನೂ ಗೊತ್ತಾಗಲ್ಲ. ಬೆಳವಣಿಗೆ ತಿಳಿಯಬೇಕಾದರೆ ಬೇರೆಬೇರೆ ವಯಸ್ಸಿನವು ನೂರಾರು ಬೇಕು. ಅದಕ್ಕೆ ಮಾಲ್ ಡಾಕ್ಟರುಗಳಿಗೆ ಪತ್ರ ಬರೆಯೋಕೆ ಶುರುಮಾಡಿದರು: ಗರ್ಭಪಾತವಾದಾಗ, ಗರ್ಭಕೋಶ ತೆಗೆಯೋ ಆಪರೇಷನ್ ಮಾಡಿದಾಗ ಏನಾದರೂ ಸಿಕ್ಕರೆ ಬಿಸಾಡಬೇಡಿ, ಕೆಡದ ಹಾಗೆ ಬಾಟಲಿಯಲ್ಲಿಟ್ಟು ನಮಗೆ ಕಳಿಸಿ.

ಬಾಟಲಿಗಳು ಬಂದವು, ಬರ್ತಾನೇ ಇದ್ದವು. 1914ರಲ್ಲಿ ಕಾರ್ನೆಗಿ ಸಂಸ್ಥೆ ಬಾಲ್ಟಿಮೋರ್‌ನಲ್ಲಿ ಇದಕ್ಕಂತಲೇ ಒಂದು ಭ್ರೂಣಶಾಸ್ತ್ರ ವಿಭಾಗ ತೆರೆಯಿತು. ಮಾಲ್ 1917ರಲ್ಲಿ ತೀರಿಕೊಂಡರು. ಜಾರ್ಜ್ ಸ್ಟ್ರೀಟರ್ ಮುಂದುವರಿಸಿದರು. ಸಂಗ್ರಹ ಸಾವಿರಾರಕ್ಕೆ ಬೆಳೆಯಿತು. ಇದೇ ಇವತ್ತು ವೈದ್ಯಕೀಯ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರೋ ‘ಕಾರ್ನೆಗಿ ಸಂಗ್ರಹ’. ಈಗ ಅದು ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿ, ಅಮೆರಿಕ ಸರ್ಕಾರದ ವೈದ್ಯಕೀಯ ಮ್ಯೂಸಿಯಂನಲ್ಲಿದೆ.

ಬಾಳೆದಿಂಡು ಕೊಯ್ದ ಹಾಗೆ

ನಮ್ಮ ಕಡೆ ಬಾಳೆದಿಂಡು ಹೆಚ್ಚೋದನ್ನ ನೋಡಿರ್ತೀರಿ. ಬಿಲ್ಲೆ ಬಿಲ್ಲೆಯಾಗಿ ಬರುತ್ತೆ. ಭ್ರೂಣವನ್ನೂ ಹಾಗೇ ಮಾಡಿದರು: ಮೇಣದಂಥ ವಸ್ತುವಿನಲ್ಲಿ ಹುದುಗಿಸಿ, ಮೈಕ್ರೋಟೋಮ್ ಅನ್ನೋ ಯಂತ್ರದಲ್ಲಿ ಕೂದಲೆಳೆಗಿಂತ ತೆಳುವಾಗಿ ಕೊಯ್ದು, ಪ್ರತಿ ಬಿಲ್ಲೆಯನ್ನೂ ಸಾಲಾಗಿ ಗಾಜಿನ ಮೇಲೆ ಅಂಟಿಸಿ, ಬಣ್ಣ ಹಾಕಿ ಇಟ್ಟರು.

ಆಮೇಲೆ ಅದನ್ನ ಮತ್ತೆ ಜೋಡಿಸಬೇಕಲ್ಲ? ಕಂಪ್ಯೂಟರ್ ಇಲ್ಲದ ಕಾಲ. ಪ್ರತಿ ಬಿಲ್ಲೆಯ ಚಿತ್ರವನ್ನ ಹತ್ತಾರು ಪಟ್ಟು ದೊಡ್ಡದಾಗಿ ಬರೆದು, ಅದೇ ಆಕಾರದಲ್ಲಿ ಮೇಣದ ಹಾಳೆ ಕತ್ತರಿಸಿ, ಒಂದರ ಮೇಲೊಂದು ಇಟ್ಟರು. ಅವರೆಕಾಳಿನಷ್ಟಿದ್ದ ಭ್ರೂಣ ಹೀಗೆ ಕೈಯಲ್ಲಿ ಹಿಡಿದು ನೋಡೋ ಮೂರ್ತಿಯಾಯಿತು. ಇವತ್ತಿನ 3ಡಿ ಪ್ರಿಂಟಿಂಗ್ ಕೂಡ ಪದರದ ಮೇಲೆ ಪದರ ಇಡೋ ಕೆಲಸವೇ. ಇವರು ಅದನ್ನ ನೂರು ವರ್ಷದ ಹಿಂದೆ ಕೈಯಲ್ಲಿ ಮಾಡಿದರು.

ಸಾವಿರಾರು ಸ್ಲೈಡು ಹೋಲಿಸಿ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ವಯಸ್ಸು, ಉದ್ದ ಎರಡನ್ನೂ ನಂಬೋಕಾಗಲ್ಲ. ಒಂದೇ ವಯಸ್ಸಿನ ಎರಡು ಭ್ರೂಣಗಳ ಗಾತ್ರ ಬೇರೆ ಇರಬಹುದು. ನಂಬಬೇಕಾದ್ದು ಯಾವ ಅಂಗ ಎಷ್ಟು ರೂಪುಗೊಂಡಿದೆ ಅನ್ನೋದನ್ನ. ಸ್ಟ್ರೀಟರ್ 1942ರಲ್ಲಿ ಶುರುಮಾಡಿದ ಈ ವಿಂಗಡಣೆಯನ್ನ ಓ’ರಾಹಿಲಿ ಮತ್ತು ಮ್ಯೂಲರ್ ಪರಿಷ್ಕರಿಸಿ 1987ರಲ್ಲಿ ಪುಸ್ತಕವಾಗಿ ತಂದರು. ಮೊದಲ ಎಂಟು ವಾರಕ್ಕೆ ಒಟ್ಟು 23 ಹಂತ. 2016ರಲ್ಲಿ ಚಾಮರಾಜನಗರದಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜೇ ಇರಲಿ, ಟೋಕಿಯೊದ ಕಾಲೇಜೇ ಇರಲಿ, ಭ್ರೂಣದ ಬೆಳವಣಿಗೆಯ ಅಳತೆಗೋಲು ಇದೇ.

ಇದರಿಂದ ನಮಗೇನು?

ಮೂರು ವಿಷಯ ಹೇಳ್ತೀನಿ.

ಒಂದು, ಫೋಲಿಕ್ ಆಸಿಡ್ ಮಾತ್ರೆ. ನರನಾಳ ಸರಿಯಾಗಿ ಮುಚ್ಚದಿದ್ದರೆ ಮಗು ಬೆನ್ನುಹುರಿಯ ಅಥವಾ ಮಿದುಳಿನ ದೋಷದೊಂದಿಗೆ ಹುಟ್ಟುತ್ತೆ. ಫೋಲಿಕ್ ಆಸಿಡ್ ಇದನ್ನ ತಡೆಯುತ್ತೆ ಅಂತ 1991ರಲ್ಲಿ ಬ್ರಿಟನ್ನಿನ ದೊಡ್ಡ ಪರೀಕ್ಷೆ ತೋರಿಸಿತು. ಮೊದಲು ಇಂಥ ಮಗು ಹುಟ್ಟಿದ್ದ ತಾಯಂದಿರಲ್ಲಿ ಅದು ಮತ್ತೆ ಆಗೋದು ಶೇ 72ರಷ್ಟು ಕಡಿಮೆಯಾಯಿತು. ಆದರೆ ನಾಳ ಮುಚ್ಚೋದು 28ನೇ ದಿನದೊಳಗೆ ಅಂತ ಸ್ಲೈಡುಗಳು ಹೇಳಿವೆಯಲ್ಲ? ಅಂದ್ರೆ ಎರಡು ತಿಂಗಳಾದ ಮೇಲೆ ಮಾತ್ರೆ ಶುರುಮಾಡಿದರೆ ಈ ಒಂದು ಕೆಲಸಕ್ಕೆ ತಡವಾಯಿತು. ಅದಕ್ಕೇ ನಮ್ಮ ಸರ್ಕಾರದ ರಕ್ತಹೀನತೆ ತಡೆ ಕಾರ್ಯಕ್ರಮದಲ್ಲೂ, ಮಗು ಬೇಕು ಅಂತ ಯೋಚಿಸೋವಾಗಿಂದಲೇ ಶುರುಮಾಡಿ ಮೊದಲ ಮೂರು ತಿಂಗಳು ದಿನಾ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತಗೊಳ್ಳಿ ಅನ್ನೋ ಸಲಹೆ ಇದೆ. ಹೊಸದಾಗಿ ಮದುವೆಯಾದವರು ಆಶಾ ಕಾರ್ಯಕರ್ತೆಯರನ್ನ ನಾಚಿಕೆ ಇಲ್ಲದೆ ಕೇಳಿ.

ಎರಡು, ಹರವೆಯ ಕೇಳುಗರ ಪ್ರಶ್ನೆಗೆ ನೇರ ಉತ್ತರ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಹಿಡಿಯೋ ನಿಶಿಮುರ 1961ರಲ್ಲಿ ಇನ್ನೊಂದು ಸಂಗ್ರಹ ಶುರುಮಾಡಿದರು. ಈಗ ಅದರಲ್ಲಿ ಸುಮಾರು 44 ಸಾವಿರ ಮಾದರಿಗಳಿವೆ. ಜಪಾನಿನಲ್ಲಿ 1948ರಿಂದಲೇ ಗರ್ಭಪಾತ ಕಾನೂನುಬದ್ಧವಾಗಿತ್ತು. ಹಾಗಾಗಿ ಇವುಗಳಲ್ಲಿ ಬಹುಪಾಲು ತಾನಾಗಿ ಹೋದ ಗರ್ಭಗಳಲ್ಲ, ಹೆಂಗಸರು ತೆಗೆಸಿಕೊಂಡ ಗರ್ಭಗಳು. ಸಾಮಾನ್ಯ ಗರ್ಭಗಳ ಒಳಗೆ ಎಷ್ಟು ದೋಷ ಇರುತ್ತೆ ಅಂತ ಆಗಲೇ ಮೊದಲ ಸಲ ಲೆಕ್ಕ ಸಿಕ್ಕಿದ್ದು. ಒಂದು ಉದಾಹರಣೆ: ಮುಂಮಿದುಳು ಎರಡು ಭಾಗವಾಗದೆ ಉಳಿಯೋ ಒಂದು ದೋಷವಿದೆ. ಹುಟ್ಟೋ ಮಕ್ಕಳಲ್ಲಿ ಅದು ಸುಮಾರು 10 ಸಾವಿರಕ್ಕೆ ಒಂದು. ಕ್ಯೋಟೊದ ಭ್ರೂಣಗಳಲ್ಲಿ ಸುಮಾರು 250ಕ್ಕೆ ಒಂದು. ಉಳಿದವು ಎಲ್ಲಿ ಹೋದವು? ಹುಟ್ಟೋವರೆಗೆ ಬರಲೇ ಇಲ್ಲ. ಮೊದಲ ತಿಂಗಳುಗಳಲ್ಲೇ ಹೋಗಿಬಿಟ್ಟವು.

ಮುಂದೆ ಕ್ರೋಮೋಸೋಮ್ ಪರೀಕ್ಷೆ ಬಂದ ಮೇಲೆ ಚಿತ್ರ ಇನ್ನೂ ಸ್ಪಷ್ಟವಾಯಿತು. ಮೊದಲ ಮೂರು ತಿಂಗಳಲ್ಲಿ ತಾನಾಗಿ ಹೋಗೋ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಕ್ರೋಮೋಸೋಮ್ ಸಂಖ್ಯೆಯಲ್ಲಿ ಆದ ಹೆಚ್ಚುಕಡಿಮೆ. ಅದು ಹೆಚ್ಚಾಗಿ ಗರ್ಭ ಕಟ್ಟೋ ಗಳಿಗೆಗೇ ತೀರ್ಮಾನವಾಗಿರುತ್ತೆ. ಆಮೇಲೆ ತಿಂದ ಹಣ್ಣು, ಹತ್ತಿದ ಬೈಕು, ನೋಡಿದ ಗ್ರಹಣ ಯಾವುದೂ ಕ್ರೋಮೋಸೋಮ್ ಲೆಕ್ಕ ಬದಲಿಸಲ್ಲ. ಉಳಿದವಕ್ಕೆ ಥೈರಾಯ್ಡ್, ಸಕ್ಕರೆ ಕಾಯಿಲೆ, ಗರ್ಭಕೋಶದ ತೊಂದರೆ ಇಂಥ ಕಾರಣ ಇರಬಹುದು. ಮತ್ತೆ ಮತ್ತೆ ಹೀಗಾದರೆ ಡಾಕ್ಟರು ಅವನ್ನ ಪರೀಕ್ಷೆ ಮಾಡ್ತಾರೆ. ಗರ್ಭ ಹೋದ ಮನೆಯಲ್ಲಿ ಹುಡುಗಿಯನ್ನ ಕಟಕಟೆಗೆ ನಿಲ್ಲಿಸೋ ಮೊದಲು ಇದನ್ನೊಂದು ಸಲ ನೆನಪಿಸಿಕೊಳ್ಳಿ.

ಮೂರು, ಕಾನೂನು-ನಿಯಮ. ಪ್ರಯೋಗಾಲಯದಲ್ಲಿ ಮಾನವ ಭ್ರೂಣವನ್ನ 14 ದಿನಕ್ಕಿಂತ ಹೆಚ್ಚು ಬೆಳೆಸಬಾರದು ಅಂತ ನಮ್ಮ ಐಸಿಎಂಆರ್ ಮಾರ್ಗಸೂಚಿಯಲ್ಲೂ ಇದೆ. ಯಾಕೆ 14? ದೇಹದ ತಲೆ-ಬುಡ, ಎಡ-ಬಲ ಗುರುತಿಸೋ ಮೊದಲ ಗೆರೆ ಮೂಡೋದು ಸುಮಾರು ಆಗ. ಆ ಗೆರೆ ಯಾವಾಗ ಮೂಡುತ್ತೆ ಅಂತ ಹೇಳಿದ್ದೂ ಇದೇ ಹಳೇ ಸಂಗ್ರಹಗಳು.

ಆ ಹೆಂಗಸರು ಯಾರು?

ಈಗ ಕಥೆಯ ಕಷ್ಟದ ಭಾಗ. ಪ್ರತಿ ಸ್ಲೈಡಿನ ಹಿಂದೆ ಒಬ್ಬ ಹೆಂಗಸು ಇದ್ದಾಳೆ. ಅವಳ ಹೆಸರು ಅಲ್ಲಿಲ್ಲ. ಸಂಖ್ಯೆ ಇದೆ, ಇಲ್ಲವೇ ವಿಜ್ಞಾನಿಯ ಹೆಸರಿದೆ. 1899ರ ‘ಪೀಟರ್ಸ್ ಅಂಡ’ ಅನ್ನೋದು ತುಂಬ ಪ್ರಸಿದ್ಧ. ಪೀಟರ್ಸ್ ಅಂದ್ರೆ ಅದನ್ನ ವಿವರಿಸಿದ ವಿಯೆನ್ನಾದ ಡಾಕ್ಟರು, ತಾಯಿಯಲ್ಲ. ಅವಳು ಆತ್ಮಹತ್ಯೆ ಮಾಡಿಕೊಂಡಿದ್ದ ಹೆಂಗಸು. ಮರಣೋತ್ತರ ಪರೀಕ್ಷೆಯಲ್ಲಿ ಭ್ರೂಣ ಸಿಕ್ಕಿತು.

ಬಾಸ್ಟನ್ ಹತ್ತಿರದ ಆಸ್ಪತ್ರೆಯೊಂದರಲ್ಲಿ 1938ರಿಂದ ಹರ್ಟಿಗ್ ಮತ್ತು ರಾಕ್ ಎಂಬ ವೈದ್ಯರು ಬೇರೆ ಕಾಯಿಲೆಗೆ ಗರ್ಭಕೋಶ ತೆಗೆಸಿಕೊಳ್ಳಬೇಕಿದ್ದ 200ಕ್ಕೂ ಹೆಚ್ಚು ಹೆಂಗಸರನ್ನ ಆರಿಸಿ, ಗಂಡನ ಜೊತೆ ಸೇರಿದ ದಿನ ಬರೆದಿಡೋಕೆ ಹೇಳಿದರು. ಆಪರೇಷನ್ ಆದಮೇಲೆ ತೆಗೆದ ಗರ್ಭಕೋಶಗಳಲ್ಲಿ ಹುಡುಕಿದಾಗ 34 ಭ್ರೂಣಗಳು ಸಿಕ್ಕವು, ಎಲ್ಲವೂ ಸುಮಾರು 17 ದಿನದೊಳಗಿನವು. ಮೊದಲ ಎರಡು ವಾರದ ಬಗ್ಗೆ ನಮಗೆ ಗೊತ್ತಿರೋದರಲ್ಲಿ ಬಹುಪಾಲು ಈ 34ರಿಂದ ಬಂದದ್ದು.

ಇವತ್ತು ನಾವು ಆಸ್ಪತ್ರೆಯಲ್ಲಿ ಸಹಿ ಹಾಕೋ ಒಪ್ಪಿಗೆ ಪತ್ರದಂಥದ್ದು ಆ ಕಾಲದಲ್ಲಿ ಇರಲಿಲ್ಲ. ‘ಸಂಶೋಧನೆಗೆ ಒಪ್ಪಿಗೆ ಬೇಕೇ ಬೇಕು’ ಅನ್ನೋ ಮಾತಿಗೆ ಜಗತ್ತಿನಲ್ಲಿ ಬಲ ಬಂದದ್ದು 1947ರ ನ್ಯೂರೆಂಬರ್ಗ್ ಸಂಹಿತೆ, 1964ರ ಹೆಲ್ಸಿಂಕಿ ಘೋಷಣೆ ಆದಮೇಲೆ. ಕೆಲವು ಹೆಂಗಸರಿಗಂತೂ ತಾವು ಬಸುರಿ ಅನ್ನೋದೇ ಗೊತ್ತಿರಲಿಲ್ಲ.

ಹಾಗಂತ ಸ್ಲೈಡುಗಳನ್ನ ಮೂಲೆಗೆ ಹಾಕಬೇಕಾ? ಹಾಕಿಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಬರ್ನಡೆಟ್ ಡಿ ಬಕ್ಕರ್ ಅವರ ತಂಡ ಕಾರ್ನೆಗಿ ಸಂಗ್ರಹದ ಸುಮಾರು 15 ಸಾವಿರ ಬಿಲ್ಲೆಗಳನ್ನ ಕಂಪ್ಯೂಟರಿಗೆ ಹಾಕಿತು. 75 ವಿದ್ಯಾರ್ಥಿಗಳು ಸುಮಾರು 45 ಸಾವಿರ ಗಂಟೆ ಕೂತು ಅಂಗಾಂಗಗಳ ಗಡಿ ಗುರುತು ಮಾಡಿದರು. 2016ರಲ್ಲಿ ಬಂದ ಈ 3ಡಿ ಅಟ್ಲಾಸ್ ಎಲ್ಲರಿಗೂ ಉಚಿತ. ಪಠ್ಯಪುಸ್ತಕದ ಕೆಲವು ವಿವರಗಳು ಪ್ರಾಣಿಗಳ ಭ್ರೂಣದಿಂದ ಬಂದವು, ಮನುಷ್ಯರಿಗೆ ಹೊಂದಲ್ಲ ಅಂತಲೂ ಇದು ತೋರಿಸಿತು. ಹೊಸದಾಗಿ ಯಾರ ಹೊಟ್ಟೆಯಿಂದಲೂ ಏನೂ ತೆಗೆಯದೆ, ನೂರು ವರ್ಷದ ಹಳೇ ಗಾಜಿನಿಂದ ಸಿಕ್ಕ ತಿಳಿವಳಿಕೆ ಇದು.

ನಮ್ಮ ಹತ್ತಿರ ಏನಿದೆ?

ಭ್ರೂಣದ ಮುಂದಿನ ಹಂತದಲ್ಲಿ ನಮ್ಮ ದೇಶವೂ ಕೆಲಸ ಮಾಡಿದೆ. ಐಐಟಿ ಮದ್ರಾಸ್‌ನ ಸುಧಾ ಗೋಪಾಲಕೃಷ್ಣನ್ ಮಿದುಳು ಕೇಂದ್ರ 2024ರ ಡಿಸೆಂಬರ್‌ನಲ್ಲಿ ‘ಧರಣಿ’ ಅನ್ನೋ ಅಟ್ಲಾಸ್ ಬಿಡುಗಡೆ ಮಾಡಿತು. ನಾಲ್ಕರಿಂದ ಆರು ತಿಂಗಳ ನಡುವಿನ ಗರ್ಭಸ್ಥ ಶಿಶುಗಳ ಮಿದುಳಿನ 5,132 ಬಿಲ್ಲೆಗಳ ಚಿತ್ರ ಅದರಲ್ಲಿವೆ. ಇದೂ ಉಚಿತ. ಕೇಂದ್ರಕ್ಕೆ ನೆರವು ಕೊಟ್ಟವರು ಬೆಂಗಳೂರಿನ ಇನ್ಫೊಸಿಸ್ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ದಂಪತಿ. ಜೋಪಾನ ಮಾಡಿಟ್ಟ ದೇಹದ ಭಾಗಗಳನ್ನ ಕಣ್ಣಾರೆ ನೋಡಬೇಕು ಅಂದ್ರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳು ಮ್ಯೂಸಿಯಂ ಇದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಅಂಗರಚನಾ ಮ್ಯೂಸಿಯಂ ಕೂಡ ಜನರಿಗೆ ತೆರೆದಿದೆ.

ಈಗಿನ ನಿಯಮ ಹಳೇ ಕಾಲದ ಹಾಗಲ್ಲ. ದೇಹದ ಯಾವುದೇ ಭಾಗವನ್ನ ಸಂಶೋಧನೆಗೆ ಇಟ್ಟುಕೊಳ್ಳಬೇಕಾದರೆ ಒಪ್ಪಿಗೆ ಕೇಳಬೇಕು. ಅಂಗಾಂಶ ಕೊಡೋ ಸಲುವಾಗಿ ಗರ್ಭ ತೆಗೆಸೋ ಹಾಗಿಲ್ಲ. ‘ಬೇಡ’ ಅಂದರೂ ಚಿಕಿತ್ಸೆಗೆ ಅಡ್ಡಿ ಬರಬಾರದು.

ಹಾಗಾಗಿ ಕೊನೇದಾಗಿ ಒಂದು ಮಾತು. ಆಸ್ಪತ್ರೆಯಲ್ಲಿ ಇಂಗ್ಲಿಷಿನ ಫಾರಂ ಮುಂದಿಟ್ಟು ‘ಇಲ್ಲೊಂದು ಸೈನ್ ಹಾಕಮ್ಮ’ ಅಂದ್ರೆ, ಜೊತೆಗಿರೋ ನೀವು ಕೇಳಿ: ‘ಇದು ಯಾತಕ್ಕೆ ಸಾರ್? ಕನ್ನಡದಲ್ಲಿ ಹೇಳ್ತೀರಾ?’ ಗೊತ್ತಾದ ಮೇಲೆ ಹಾಕಿ, ಬೇಡ ಅನಿಸಿದರೆ ಬೇಡ ಅನ್ನಿ. ನೂರು ವರ್ಷದ ಹಿಂದೆ ಆ ಹೆಂಗಸರಿಗೆ ಇಷ್ಟು ಕೇಳೋ ಅವಕಾಶ ಇರಲಿಲ್ಲ. ನಮಗಿದೆ.