ನಡುತಂತಿಯಿಲ್ಲದ ಗಿಟಾರು

ಸಂಗೀತವನ್ನು ಕ್ರಮವಾಗಿ ಕಲಿತವರು ಗಿಟಾರಿನ ಆರು ತಂತಿಗಳನ್ನೂ ಬಳಸುತ್ತಾರೆ. ರಿಕಿ ವಿಲ್ಸನ್ ಎಂಬ ಅಮೆರಿಕದ ತರುಣ ನಡುವಿನ ತಂತಿಗಳನ್ನೇ ತೆಗೆದುಹಾಕಿ, ಉಳಿದವನ್ನು ತನಗೆ ತೋಚಿದಂತೆ ಶ್ರುತಿ ಮಾಡಿಕೊಂಡ. ಹಾಗೆ ಹುಟ್ಟಿದ ‘ರಾಕ್ ಲಾಬ್‌ಸ್ಟರ್’ ಹಾಡು 1978ರಲ್ಲಿ ಹೊರಬಂತು. ಅದಕ್ಕೆ ಇಂದಿಗೂ ಜನ ಕುಣಿಯುತ್ತಾರೆ.

ಎಪ್ಪತ್ತರ ದಶಕದ ನಡುವಿನ ಹೊತ್ತಿಗೆ ರಾಕ್ ಸಂಗೀತ ಭಾರಿ ವೇದಿಕೆ, ದುಬಾರಿ ಸಲಕರಣೆ, ಮುಗಿಯದ ಗಿಟಾರ್ ವಾದನಗಳಲ್ಲಿ ಸಿಲುಕಿತ್ತು. ಇದಕ್ಕೆ ಸಿಟ್ಟಿನ ಉತ್ತರವಾಗಿ ಬಂದದ್ದು ಪಂಕ್. ಪಂಕ್‌ನ ಸರಳತೆಯನ್ನು ಉಳಿಸಿಕೊಂಡು, ಸಿಟ್ಟಿನ ಜಾಗಕ್ಕೆ ತಮಾಷೆಯನ್ನೂ ಕುಣಿತವನ್ನೂ ತಂದ ತಂಡಗಳಿಗೆ ‘ನ್ಯೂ ವೇವ್’ ಎಂಬ ಹೆಸರು ಬಿತ್ತು. ಜಾರ್ಜಿಯ ರಾಜ್ಯದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ 1976ರಲ್ಲಿ ಹುಟ್ಟಿದ ‘ಬಿ-52ಸ್’ ಅಂಥದೊಂದು ತಂಡ. ರಿಕಿ, ಅವನ ತಂಗಿ ಸಿಂಡಿ, ಕೇಟ್ ಪಿಯರ್ಸನ್, ಫ್ರೆಡ್ ಷ್ನೈಡರ್, ಕೀತ್ ಸ್ಟ್ರಿಕ್‌ಲೆಂಡ್ – ಐವರೇ. 1977ರ ಪ್ರೇಮಿಗಳ ದಿನ ಗೆಳೆಯರ ಮನೆಯೊಂದರ ಪಾರ್ಟಿಯಲ್ಲಿ ಮೊದಲ ಕಛೇರಿ ನಡೆಯಿತು.

ಲಾಬ್‌ಸ್ಟರ್ ಎಂದರೆ ಸಿಗಡಿಯ ದೊಡ್ಡಣ್ಣನಂತಿರುವ ಕಡಲಜೀವಿ. ಕಡಲತೀರದಲ್ಲೊಂದು ಮೋಜಿನ ಕೂಟ, ಅಲ್ಲಿ ಬಂಡೆ ಎಂದುಕೊಂಡದ್ದು ಲಾಬ್‌ಸ್ಟರ್ ಆಗಿಬಿಡುವುದು: ಹಾಡಿನ ಕಥೆ ಇಷ್ಟೇ. ಕೊನೆಯಲ್ಲಿ ಇರುವ, ಇಲ್ಲದ ಜಲಚರಗಳ ಹೆಸರು ಬರುತ್ತವೆ. ಒಂದೊಂದಕ್ಕೂ ಹೆಣ್ಣುದನಿಗಳು ವಿಚಿತ್ರ ಕೂಗು ಹಾಕುತ್ತವೆ. ಕೇಳಲು ಹುಚ್ಚಾಟ, ಆದರೆ ಕಟ್ಟು ಬಿಗಿಯಾಗಿದೆ. ತಂಡದಲ್ಲಿ ಬೇಸ್ ಗಿಟಾರ್ ಇರಲಿಲ್ಲ. ಆ ಕೆಲಸವನ್ನು ಕೇಟ್ ಕೀಲಿಮಣೆಯಲ್ಲಿ ಮಾಡುತ್ತಿದ್ದಳು. ರಿಕಿಯ ಗಿಟಾರಿನಲ್ಲಿ ಕೆಳಗಿನ ತಂತಿ ಗುದ್ದುತ್ತದೆ, ಮೇಲಿನದು ಉತ್ತರ ಕೊಡುತ್ತದೆ. ನಡುವೆ ಬಿಟ್ಟ ಖಾಲಿ ಜಾಗದಲ್ಲಿ ಆರ್ಗನ್ನೂ ಕೂಗುಗಳೂ ಬಂದು ಕೂರುತ್ತವೆ. ಇಲ್ಲದಿರುವುದೇ ಹಾಡಿನ ಆಕಾರವಾಯಿತು.

ಅಟ್ಲಾಂಟದ ಡಿಬಿ ರೆಕಾರ್ಡ್ಸ್ ಎಂಬ ಸಣ್ಣ ಸಂಸ್ಥೆ ಮೊದಲ ತಟ್ಟೆಯನ್ನು ತಂದಿತು. 1979ರ ಆಲ್ಬಮ್ಮಿಗಾಗಿ ಬಹಾಮಾಸ್‌ನಲ್ಲಿ ಹಾಡನ್ನು ಹೊಸದಾಗಿ ಧ್ವನಿಮುದ್ರಿಸಲಾಯಿತು. ಮರುವರ್ಷ ಅದು ಕೆನಡಾದಲ್ಲಿ ಮೊದಲ ಸ್ಥಾನಕ್ಕೇರಿತು. ತವರಿನಲ್ಲಿ 56ನೆಯ ಸ್ಥಾನವನ್ನಷ್ಟೇ ಮುಟ್ಟಿತು.

ಆದರೆ ಅದೇ 1980ರಲ್ಲಿ ಬರ್ಮುಡಾದ ನೃತ್ಯಶಾಲೆಯೊಂದರಲ್ಲಿ ಈ ಹಾಡು ಜಾನ್ ಲೆನನ್ನನ ಕಿವಿಗೆ ಬಿತ್ತು. ಬೀಟಲ್ಸ್ ಖ್ಯಾತಿಯ ಆತ ಐದು ವರ್ಷಗಳಿಂದ ಹೊಸ ಆಲ್ಬಮ್ ತಂದಿರಲಿಲ್ಲ. ಹೆಂಡತಿ ಯೋಕೊ ಓನೊಳ ಕೂಗಿನಂಥ ಹಾಡುಗಾರಿಕೆಯನ್ನು ಜಗತ್ತು ಗೇಲಿ ಮಾಡಿತ್ತು. ಈಗ ಅದೇ ಬಗೆಯ ದನಿಗೆ ಜನ ಕುಣಿಯುತ್ತಿದ್ದರು! ಲೋಕ ಕೊನೆಗೂ ಅವಳ ಸಂಗೀತಕ್ಕೆ ಸಿದ್ಧವಾಗಿದೆ ಎಂಬ ಹುರುಪು ತನಗೆ ಬಂದುದನ್ನು ಆತ ಸಂದರ್ಶನಗಳಲ್ಲಿ ಹೇಳಿಕೊಂಡ. ದಂಪತಿಯ ‘ಡಬಲ್ ಫ್ಯಾಂಟಸಿ’ ನವೆಂಬರಿನಲ್ಲಿ ಬಂತು. ಡಿಸೆಂಬರ್ 8ರಂದು ಲೆನನ್ನನ ಕೊಲೆಯಾಯಿತು.

ರಿಕಿಯೂ ಹೆಚ್ಚು ಕಾಲ ಬದುಕಲಿಲ್ಲ. ಏಡ್ಸ್ ಎಂದರೆ ಜನ ಬೆಚ್ಚಿ ದೂರ ಸರಿಯುತ್ತಿದ್ದ ದಿನಗಳವು. ಕಾಯಿಲೆಯ ಸಂಗತಿಯನ್ನು ತಂಡದಲ್ಲಿ ಕೀತ್‌ಗೆ ಮಾತ್ರ ಹೇಳಿ, 1985ರ ಅಕ್ಟೋಬರ್ 12ರಂದು 32ನೆಯ ವಯಸ್ಸಿನಲ್ಲಿ ತೀರಿಕೊಂಡ. ಹಾಡುವ ತಂಗಿಗೂ ಅದು ಮೊದಲೇ ತಿಳಿದಿರಲಿಲ್ಲ. ತಂಡ ಕೆಲಕಾಲ ಮೌನವಾಯಿತು. ಬಳಿಕ ಡ್ರಮ್ಮಿನ ಕೀತ್ ಗಿಟಾರು ಹಿಡಿದು ಗೆಳೆಯನ ಶ್ರುತಿಗಳನ್ನು ಕಲಿತ.

ನಗಿಸಲೆಂದು ಕಟ್ಟಿದ ಹಾಡು ಹೀಗೆ ಒಬ್ಬನಿಗೆ ಮತ್ತೆ ಹಾಡುವ ಧೈರ್ಯ ಕೊಟ್ಟಿತು, ಇನ್ನೊಬ್ಬನ ಕೈಚಳಕವನ್ನು ಅವನ ನಂತರವೂ ಉಳಿಸಿತು. ಹಾಡಿನ ನಡುವೆ ಸದ್ದೆಲ್ಲ ಇಳಿದು ತಣ್ಣಗಾಗುವ ಘಟ್ಟವೊಂದಿದೆ. ಕುಣಿಯುವವರು ಆಗ ನೆಲಕ್ಕೆ ಕುಸಿಯುತ್ತಾರೆ. ಗಿಟಾರು ಮತ್ತೆ ಶುರುವಾದೊಡನೆ ಎದ್ದು ನಿಲ್ಲುತ್ತಾರೆ.