ಗುಜರಿಯಿಂದ ಮರಳಿದ ಗಣಕಯಂತ್ರಗಳು: ದುರಸ್ತಿ ಜ್ಞಾನದ ಜಾನಪದೀಯ ನೆಲೆಗಳು

ಜಾನಪದ ಎಂದೊಡನೆ ಹಾಡು, ಕಥೆ, ಗಾದೆ, ಒಗಟುಗಳು ನೆನಪಾಗುವಂತೆ ನೇಗಿಲು, ಒನಕೆ, ಮಗ್ಗ, ಕುಲುಮೆಗಳೂ ನೆನಪಾಗುತ್ತವೆ. ಈ ಎರಡನೆಯ ಗುಂಪನ್ನು ವಿದ್ವಾಂಸರು ಭೌತಿಕ ಸಂಸ್ಕೃತಿ ಎಂದು ಗುರುತಿಸಿ ಅಧ್ಯಯನ ಮಾಡುತ್ತ ಬಂದಿದ್ದಾರೆ. ಗಣಕಯಂತ್ರಕ್ಕೆ ಮಾತ್ರ ಈ ಪಟ್ಟಿಯಲ್ಲಿ ಸ್ಥಾನವಿಲ್ಲವೆಂಬ ಭಾವನೆ ಸಾಮಾನ್ಯ. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಅವರು ಯಾವುದಾದರೂ ಒಂದು ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು 'ಜನಪದ'ವೇ ಎಂದು ವಾದಿಸಿದರು. ಕಾರ್ಲ್ ಪ್ಯಾಗ್ಟರ್ ಅವರೊಡಗೂಡಿ 1975ರಲ್ಲಿ ಕಚೇರಿಯ ಕಾಗದಪತ್ರಗಳ ನಡುವೆ ಹರಿದಾಡುವ ನಗರ ಜಾನಪದವನ್ನು ಸಂಗ್ರಹಿಸಿ ಪ್ರಕಟಿಸಿದರು. ಈ ದೃಷ್ಟಿಯಿಂದ ನೋಡಿದರೆ, ಎಸೆದ ಗಣಕಗಳನ್ನು ಹುಡುಕಿ ತಂದು ಜೀವ ಕೊಡುವವರದ್ದೂ ಒಂದು ವೃತ್ತಿ ಸಮುದಾಯ; ಅವರ ತಿಳಿವಳಿಕೆ ವೃತ್ತಿ ಜಾನಪದದ ಭಾಗ. ಯಂತ್ರ ಉಳಿಯುವುದು ಲೋಹ, ಗಾಜುಗಳಿಂದಷ್ಟೇ ಅಲ್ಲ, ಅದನ್ನು ಬಲ್ಲ ಕೈಗಳಿಂದ ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉಳಿದ ಯಂತ್ರ, ಅಳಿದ ಯಂತ್ರ

ಇಂಗ್ಲೆಂಡಿನ ಹಾರ್ವೆಲ್ ಪರಮಾಣು ಸಂಶೋಧನಾ ಕೇಂದ್ರದಲ್ಲಿ 1951ರಲ್ಲಿ ಕಾರ್ಯಾರಂಭ ಮಾಡಿದ ಗಣಕವೊಂದರ ಚರಿತ್ರೆ ಇಲ್ಲಿ ಮೊದಲು ಉಲ್ಲೇಖನೀಯ. ಇದರ ತೂಕ ಸುಮಾರು ಎರಡೂವರೆ ಟನ್. ಇದರಲ್ಲಿ ಅಂಕಿಗಳನ್ನು ಹಿಡಿದಿಡಲು ಡೆಕಟ್ರಾನ್ ಎಂಬ ಅನಿಲ ತುಂಬಿದ ಗಾಜಿನ ನಳಿಗೆಗಳನ್ನು ಬಳಸಲಾಗಿತ್ತು. ಪ್ರತಿ ನಳಿಗೆಯ ತಲೆಯಲ್ಲಿ ಹತ್ತು ಬಿಂದುಗಳ ವರ್ತುಲವಿದ್ದು, ಹೊಳೆಯುವ ಚುಕ್ಕೆ ಯಾವ ಬಿಂದುವಿನಲ್ಲಿ ನಿಂತಿದೆಯೋ ಅದೇ ಅಂಕಿ. ಹೀಗಾಗಿ ಯಂತ್ರದ ಸ್ಮೃತಿಯನ್ನು ಬರಿಗಣ್ಣಿನಿಂದಲೇ ಓದಬಹುದಿತ್ತು. ಒಂದು ಗುಣಾಕಾರಕ್ಕೆ ಹಲವು ಸೆಕೆಂಡುಗಳು ಬೇಕಾಗುತ್ತಿದ್ದವು. ಆದರೆ ದಣಿವಿಲ್ಲದೆ, ತಪ್ಪಿಲ್ಲದೆ ದೀರ್ಘಕಾಲ ದುಡಿಯುವುದು ಇದರ ಹಿರಿಮೆಯಾಗಿತ್ತು.

1957ರಲ್ಲಿ ಹಾರ್ವೆಲ್‌ಗೆ ಇದು ಬೇಡವಾಯಿತು. ಗುಜರಿಗೆ ಹಾಕುವ ಬದಲು, ಇದನ್ನು ಚೆನ್ನಾಗಿ ಬಳಸಿಕೊಳ್ಳಬಲ್ಲ ಕಾಲೇಜು ಯಾವುದೆಂದು ಸ್ಪರ್ಧೆ ನಡೆಸಿ, ಗೆದ್ದ ವುಲ್ವರ್‌ಹ್ಯಾಂಪ್ಟನ್ನಿನ ತಾಂತ್ರಿಕ ಕಾಲೇಜಿಗೆ ಕೊಡಲಾಯಿತು. ಅಲ್ಲಿ 'ವಿಚ್' ಎಂಬ ಹೊಸ ಹೆಸರು ಪಡೆದು 1973ರವರೆಗೆ ವಿದ್ಯಾರ್ಥಿಗಳಿಗೆ ಪಾಠ ಹೇಳಿತು. ಆನಂತರ ಬರ್ಮಿಂಗ್‌ಹ್ಯಾಮಿನ ವಸ್ತುಸಂಗ್ರಹಾಲಯ ಸೇರಿತು. 1997ರಲ್ಲಿ ಆ ಸಂಗ್ರಹಾಲಯವೂ ಮುಚ್ಚಿದಾಗ ಯಂತ್ರವನ್ನು ಬಿಡಿಬಿಡಿಯಾಗಿ ಕಳಚಿ ಉಗ್ರಾಣದಲ್ಲಿ ಇರಿಸಲಾಯಿತು. ಬಹುತೇಕರು ಅದನ್ನು ಮರೆತರು. ಸುಮಾರು ಒಂದು ದಶಕದ ಬಳಿಕ ಉಗ್ರಾಣದ ಛಾಯಾಚಿತ್ರವೊಂದರಲ್ಲಿ ಅದರ ನಿಯಂತ್ರಣ ಫಲಕವನ್ನು ಬಲ್ಲವರೊಬ್ಬರ ಕಣ್ಣು ಗುರುತಿಸಿತು. 2009ರಲ್ಲಿ ಬ್ಲೆಚ್ಲಿ ಪಾರ್ಕಿನ ರಾಷ್ಟ್ರೀಯ ಗಣಕ ವಸ್ತುಸಂಗ್ರಹಾಲಯಕ್ಕೆ ಬಂದ ಯಂತ್ರವನ್ನು ಸ್ವಯಂಸೇವಕರು ಮೂರು ವರ್ಷ ದುಡಿದು ಸರಿಪಡಿಸಿದರು. 2012ರ ನವೆಂಬರ್‌ನಲ್ಲಿ ಅದು ಮತ್ತೆ ಲೆಕ್ಕ ಮಾಡತೊಡಗಿತು. ಮೂಲ ರೂಪದಲ್ಲೇ ಉಳಿದು ಕೆಲಸ ಮಾಡುವ ಜಗತ್ತಿನ ಅತ್ಯಂತ ಹಳೆಯ ಡಿಜಿಟಲ್ ಗಣಕವೆಂಬ ಮನ್ನಣೆ ಅದಕ್ಕೆ ದೊರೆಯಿತು.

ಇದಕ್ಕೆ ಪ್ರತಿಯಾದ ನಿದರ್ಶನ ಕೊಲೋಸಸ್ಸಿನದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಗೂಢಲಿಪಿಯನ್ನು ಬಿಡಿಸಲು ಟಾಮಿ ಫ್ಲವರ್ಸ್ ಮತ್ತು ಸಂಗಡಿಗರು ನಿರ್ಮಿಸಿದ ಈ ಯಂತ್ರಗಳನ್ನು ಯುದ್ಧಾನಂತರ ಗೋಪ್ಯತೆಯ ಕಾರಣಕ್ಕೆ ಕಳಚಿ ಹಾಕಲಾಯಿತು. ಮೇಲಿನವರ ಆದೇಶದಂತೆ ಫ್ಲವರ್ಸ್ ನಕ್ಷೆಗಳನ್ನು ಕುಲುಮೆಗೆ ಹಾಕಿ ಸುಟ್ಟರು. 1993ರಲ್ಲಿ ಟೋನಿ ಸೇಲ್ ಅವರು ಪುನರ್‌ನಿರ್ಮಾಣಕ್ಕೆ ತೊಡಗಿದಾಗ ಕೈಯಲ್ಲಿದ್ದುದು 1945ರ ಎಂಟು ಛಾಯಾಚಿತ್ರಗಳು ಮತ್ತು ಕೆಲವು ಎಂಜಿನಿಯರರು ನಿಯಮ ಮೀರಿ ತಮ್ಮಲ್ಲೇ ಇಟ್ಟುಕೊಂಡಿದ್ದ ನಕ್ಷೆಯ ತುಣುಕುಗಳು. ಉಳಿದುದನ್ನು ತುಂಬಿಕೊಟ್ಟದ್ದು ಬದುಕುಳಿದ ಹಿರಿಯರ ನೆನಪು. ಬಿಡಿಭಾಗಗಳಲ್ಲಿ ಬಹಳಷ್ಟು ಬಂದದ್ದು ಆಗ ಕಳಚಲಾಗುತ್ತಿದ್ದ ಹಳೆಯ ದೂರವಾಣಿ ವಿನಿಮಯ ಕೇಂದ್ರಗಳಿಂದ. ಪೂರ್ಣ ರೂಪದ ಕೊಲೋಸಸ್ 2007ರಲ್ಲಿ ಸಿದ್ಧವಾಯಿತು. ಮೊದಲನೆಯ ಪ್ರಸಂಗದಲ್ಲಿ ವಸ್ತು ಉಳಿದು ನೆನಪು ಮಸುಕಾಗಿತ್ತು. ಎರಡನೆಯದರಲ್ಲಿ ವಸ್ತು ಅಳಿದು ನೆನಪು ಉಳಿದಿತ್ತು. ಎರಡೂ ಅಳಿದಿದ್ದರೆ ಪುನರುಜ್ಜೀವನದ ಪ್ರಶ್ನೆಯೇ ಏಳುತ್ತಿರಲಿಲ್ಲ ಎಂಬುದು ಗಮನಾರ್ಹ.

ಕೈಯ ಅರಿವು

ಈ ಬೃಹತ್ ಯಂತ್ರಗಳಿಗೆ ಅನ್ವಯಿಸುವ ಮಾತು 1970 ಮತ್ತು 80ರ ದಶಕಗಳ ಪುಟ್ಟ ಗಣಕಗಳಿಗೂ ಅನ್ವಯಿಸುತ್ತದೆ. ಹಳೆಯ ಯಂತ್ರ ಸಿಕ್ಕೊಡನೆ ಅದಕ್ಕೆ ವಿದ್ಯುತ್ ಕೊಡಬಾರದು ಎಂಬುದು ಈ ಕಸುಬಿನ ಮೊದಲ ವಿಧಿ. ಮೊದಲು ಮೇಲುಹೊದಿಕೆ ತೆಗೆದು ಕಣ್ಣಿನಿಂದ, ಮೂಗಿನಿಂದ ಪರೀಕ್ಷಿಸಬೇಕು. ಗಡಿಯಾರದ ಸಮಯವನ್ನು ಕಾಯ್ದಿಡಲು ಮುಖ್ಯ ಫಲಕಕ್ಕೆ ಬೆಸೆದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಬಹುತೇಕ ಸೋರಿರುತ್ತದೆ. ಆ ಕ್ಷಾರ ತಾಮ್ರದ ಗೆರೆಗಳನ್ನು ತಿಂದು ಹಸಿರು ಕಿಲುಬು ಹಿಡಿಸಿರುತ್ತದೆ. ಬ್ಯಾಟರಿಯನ್ನು ಕತ್ತರಿಸಿ ತೆಗೆದು, ವಿನಿಗರ್‌ನಂಥ ಮೆದು ಆಮ್ಲದಿಂದ ಕ್ಷಾರವನ್ನು ಶಮನಗೊಳಿಸಿ, ತೊಳೆದು, ಒಣಗಿಸಿ, ತುಂಡಾದ ಗೆರೆಗಳನ್ನು ಸಣ್ಣ ತಂತಿಯಿಂದ ಬೆಸೆಯಬೇಕು. ವಿದ್ಯುತ್ ಪೂರೈಕೆಯ ಕಾಗದದ ಕೆಪಾಸಿಟರುಗಳು ಹೊದಿಕೆ ಬಿರಿದು ತೇವ ಹೀರಿಕೊಂಡಿರುವುದರಿಂದ ಮೊದಲ ಬಾರಿಗೆ ಚಾಲನೆ ಕೊಟ್ಟಾಗ ಹೊಗೆಯುಗುಳುವುದುಂಟು. ಕಾರ್ಯಕ್ರಮಗಳನ್ನು ಹಿಡಿದಿಟ್ಟ ಕಿಟಕಿಯುಳ್ಳ ಚಿಪ್ಪುಗಳಿಗೆ ಬೆಳಕು ತಗುಲಿದರೆ ಅವುಗಳ ಬರಹ ಕ್ರಮೇಣ ಮಾಸುತ್ತದೆ. ಆ ಕಿಟಕಿಯ ಮೇಲೆ ಅಂಟಿಸಿದ ಚೀಟಿಯನ್ನು ತಿಳಿಯದೆ ಕಿತ್ತವರು ಯಂತ್ರದ ನೆನಪನ್ನೇ ಕಿತ್ತಂತೆ.

ಇಲ್ಲಿನ ಹಲವು ಸಂಗತಿಗಳು ತಯಾರಕರ ಕೈಪಿಡಿಗಳಲ್ಲಿ ಇಲ್ಲ. ಕೈಪಿಡಿ ಬರೆದ ಕಾಲಕ್ಕೆ ಯಂತ್ರ ಹೊಸದಾಗಿತ್ತು; ಮೂವತ್ತು ನಲವತ್ತು ವರ್ಷಗಳ ಮುಪ್ಪಿನಲ್ಲಿ ಅದಕ್ಕೆ ಬರುವ ರೋಗಗಳನ್ನು ಯಾರೂ ಕಂಡಿರಲಿಲ್ಲ. ಬಹುಕಾಲ ಸುಮ್ಮನಿದ್ದ ಡೆಕಟ್ರಾನ್ ನಳಿಗೆ ಜಡವಾಗಿರುತ್ತದೆ, ಅದನ್ನು ಎಸೆಯದೆ ಚುಕ್ಕೆಯನ್ನು ಸುತ್ತಿಸುತ್ತ ಬಂದರೆ ಚೇತರಿಸಿಕೊಳ್ಳುತ್ತದೆ ಎಂಬಂಥ ಅರಿವು ಕಂಡು, ಮಾಡಿ, ಹೇಳಿ ಬಂದದ್ದು. ಮದ್ದಳೆಗೆ ಕರಣೆ ಹಾಕುವವನು ನಾದವನ್ನು ಕೇಳಿ ಪಾಕದ ಹದವನ್ನು ತಿಳಿಯುವಂತೆ, ದುರಸ್ತಿಗಾರನು ರಿಲೇಗಳ ಟಿಕಟಿಕ ಸದ್ದಿನಲ್ಲಿ ದೋಷದ ಜಾಗವನ್ನು ಗುರುತಿಸುತ್ತಾನೆ.

ಯಂತ್ರದೊಂದಿಗೆ ಮನುಷ್ಯ ಬೆಳೆಸುವ ನಂಟಿಗೂ ನಿದರ್ಶನಗಳಿವೆ. ಐಸ್‌ಲ್ಯಾಂಡಿಗೆ 1964ರಲ್ಲಿ ಬಂದ ಐಬಿಎಂ 1401 ಗಣಕದ ನಿರ್ವಹಣಾ ಎಂಜಿನಿಯರರು, ಅದು ಹೊಮ್ಮಿಸುವ ತರಂಗಗಳನ್ನು ರೇಡಿಯೊದಲ್ಲಿ ಹಿಡಿದು ರಾಗ ನುಡಿಸುವುದನ್ನು ಕಲಿತಿದ್ದರು. 1971ರಲ್ಲಿ ಯಂತ್ರ ನಿವೃತ್ತವಾದಾಗ ಬೀಳ್ಕೊಡುಗೆಯನ್ನೇ ಏರ್ಪಡಿಸಿ ಆ ಸಂಗೀತವನ್ನು ನುಡಿಸಲಾಯಿತು. ಅವರ ಮಗ, ಸಂಗೀತಗಾರ ಯೋಹಾನ್ ಯೋಹಾನ್ಸನ್, ಆ ಧ್ವನಿಮುದ್ರಣಗಳನ್ನು ಬಳಸಿ 2006ರಲ್ಲಿ ಒಂದು ಕೃತಿಯನ್ನು ಹೊರತಂದರು. ಆಯುಧಪೂಜೆಯಂದು ಗಣಕಕ್ಕೂ ಕುಂಕುಮವಿಟ್ಟು ಹೂ ಮುಡಿಸುವ ಕರ್ನಾಟಕದ ಕಚೇರಿಗಳಿಗೆ ಈ ಬೀಳ್ಕೊಡುಗೆ ಅಪರಿಚಿತವೆನಿಸದು.

ಭಾರತೀಯ ಸಂದರ್ಭ

ಪಶ್ಚಿಮದಲ್ಲಿ ಇಂದು ಪರಂಪರೆಯ ಸಂರಕ್ಷಣೆಯಾಗಿ ನಡೆಯುತ್ತಿರುವ ಈ ಕೆಲಸ ಭಾರತದಲ್ಲಿ ಅಗತ್ಯದಿಂದ ಹುಟ್ಟಿತು. ಅನ್ಯ ದೇಶಗಳಲ್ಲಿ ಬಳಸಿ ಬಿಟ್ಟ 1401 ಯಂತ್ರಗಳನ್ನು ಐಬಿಎಂ ಸಂಸ್ಥೆ 1960ರ ದಶಕದಲ್ಲಿ ಇಲ್ಲಿಗೆ ತಂದು, ನವೀಕರಿಸಿ, ಬಾಡಿಗೆಗೆ ಕೊಡುತ್ತಿತ್ತು. ಹಳೆಯದನ್ನು ಭಾರತಕ್ಕೆ ಸಾಗಹಾಕಲಾಗುತ್ತಿದೆ ಎಂಬ ಟೀಕೆ ಅಂದೇ ಕೇಳಿಬಂದಿತ್ತು. 1978ರಲ್ಲಿ ಆ ಸಂಸ್ಥೆ ದೇಶ ಬಿಟ್ಟಾಗ ಅದರ ಯಂತ್ರಗಳ ನಿರ್ವಹಣೆಯ ಹೊಣೆಯನ್ನು ಸರ್ಕಾರಿ ಒಡೆತನದ ಸಿಎಂಸಿ ವಹಿಸಿಕೊಂಡಿತು. ತಯಾರಕರ ಬೆಂಬಲವಿಲ್ಲದೆ ಯಂತ್ರಗಳನ್ನು ನಡೆಸಿಕೊಂಡು ಹೋಗುವ ಅನುಭವ ಆ ಪೀಳಿಗೆಗೆ ದೊರೆತದ್ದು ಹೀಗೆ.

ಇದೇ ಅರಿವಿನ ಇನ್ನೊಂದು ಕವಲು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿದೆ. ಅನುಮಾನದ ಯಂತ್ರಕ್ಕೆ ನೇರವಾಗಿ ವಿದ್ಯುತ್ ಕೊಡದೆ, ನಡುವೆ ಸಾದಾ ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸುವ 'ಸೀರೀಸ್ ಬಲ್ಬ್' ಪದ್ಧತಿ ಇಲ್ಲಿನ ರೇಡಿಯೊ, ಟಿ.ವಿ. ರಿಪೇರಿಯವರಲ್ಲಿ ರೂಢಿಯದು. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಚಿಂತೆಯಿಲ್ಲ. ಪೂರ್ಣ ಉರಿದರೆ ಒಳಗೆ ಶಾರ್ಟ್ ಆಗಿದೆ ಎಂದರ್ಥ. ವಿದೇಶದ ಹಳೆಯ ಗಣಕಗಳ ದುರಸ್ತಿಗಾರರೂ ಬಳಸುವುದು ಇದೇ ಉಪಾಯವನ್ನು.

ಆದರೆ ಹಳೆಯ ಗಣಕ ಈ ಕೈಗಳನ್ನು ತಲುಪುವ ಮೊದಲೇ ಗುಜರಿಯ ದಾರಿ ಹಿಡಿಯುತ್ತದೆ. ಹಳೆಯ ಚಿಪ್ಪುಗಳ ಕಾಲುಗಳಿಗೂ ಕಾರ್ಡುಗಳ ಅಂಚಿಗೂ ಚಿನ್ನದ ಲೇಪವಿರುವುದರಿಂದ ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುವವರಿಗೆ ಹಳೆಯದೇ ಹೆಚ್ಚು ಪ್ರಿಯ. ಇ-ತ್ಯಾಜ್ಯದ ಬಗೆಗೆ 2011ರಲ್ಲಿ ರಚಿತವಾದ ನಿಯಮಗಳೂ, 2023ರ ಏಪ್ರಿಲ್‌ನಿಂದ ಜಾರಿಗೆ ಬಂದ 2022ರ ನಿಯಮಗಳೂ ಆರೋಗ್ಯ ಮತ್ತು ಪರಿಸರದ ದೃಷ್ಟಿಯಿಂದ ಅಗತ್ಯವಾದವು. ಅವುಗಳ ಗಮನ ವಿಷದ ಕಡೆಗಿದೆ. ಯಾವ ಯಂತ್ರದಲ್ಲಿ ಚರಿತ್ರೆಯಿದೆ ಎಂಬುದನ್ನು ಗುರುತಿಸುವ ಹೊಣೆ ವಿದ್ವಾಂಸರದ್ದು.

ಕನ್ನಡದ ಪಠ್ಯಗಳು

ಈ ಹೊಣೆ ಕನ್ನಡ ಸಂಶೋಧಕರಿಗೆ ದೂರದ್ದಲ್ಲ. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಬೆಳೆದು ಅನಂತರ ಪುಣೆಯ ಸಿ-ಡಾಕ್ ಸಂಸ್ಥೆಯಿಂದ ಪ್ರಚಾರಕ್ಕೆ ಬಂದ ಜಿಸ್ಟ್ ಕಾರ್ಡನ್ನು ಪಿಸಿಯೊಳಗೆ ಕೂರಿಸಿದರೆ ಪರದೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಆ ಕಾರ್ಡು ಕೂರುವ ಕಿಂಡಿ ಇಂದಿನ ಗಣಕಗಳಲ್ಲಿಲ್ಲ. 1991ರ ಇಸ್ಕಿ ಸಂಕೇತಮಾನದಲ್ಲಿರುವ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವುದು ಕಷ್ಟವಲ್ಲ. ಆದರೆ 90ರ ದಶಕದಲ್ಲಿ ಒಂದೊಂದು ತಂತ್ರಾಂಶವೂ ತನ್ನದೇ ಅಕ್ಷರವಿನ್ಯಾಸದ ಸಂಕೇತಗಳನ್ನು ಬಳಸುತ್ತಿತ್ತು. ಆ ತಂತ್ರಾಂಶ, ಆ ಫಾಂಟ್ ಇಲ್ಲದೆ ಆ ಪಠ್ಯ ಅರ್ಥಹೀನ ಗೀಟುಗಳ ಸಾಲು. ಇದಕ್ಕೂ ಮೊದಲಿನ ತೊಡಕು ಫ್ಲಾಪಿಯದು. ಕರಾವಳಿ, ಮಲೆನಾಡಿನ ತೇವಕ್ಕೆ ಫ್ಲಾಪಿಯ ತಟ್ಟೆಗೆ ಬೂಷ್ಟು ಹಿಡಿಯುತ್ತದೆ; ಶುಚಿಗೊಳಿಸದೆ ಓದಲು ಹೋದರೆ ಓದುವ ತಲೆಯೇ ಕಾಂತಲೇಪವನ್ನು ಕೆರೆದುಹಾಕುತ್ತದೆ. ಆ ಕಾಲದಲ್ಲಿ ಬೆರಳಚ್ಚಾದ ಹಸ್ತಪ್ರತಿ ಸೂಚಿಯಾಗಲಿ, ಜನಪದ ಕಾವ್ಯದ ಪಾಠವಾಗಲಿ, ಮುದ್ರಿತ ಪ್ರತಿ ಇಲ್ಲದಿದ್ದಲ್ಲಿ, ಇಂಥ ಒಂದು ತಪ್ಪು ಯತ್ನಕ್ಕೆ ನಷ್ಟವಾಗಬಹುದು. ತಾಳೆಗರಿಯನ್ನು ಬಿಚ್ಚುವ ಮೊದಲು ಎಣ್ಣೆ ಸವರಿ ಮೆದುಮಾಡುವ ವಿವೇಕ ಇಲ್ಲಿಯೂ ಬೇಕು.

ಆದ್ದರಿಂದ ಕ್ಷೇತ್ರಕಾರ್ಯದ ವ್ಯಾಪ್ತಿ ಹಿಗ್ಗಬೇಕಾಗಿದೆ. ಗ್ರಂಥಾಲಯಗಳು ತಮ್ಮಲ್ಲಿರುವ ಫ್ಲಾಪಿ, ಕಾರ್ಡು, ಹಳೆಯ ಗಣಕಗಳನ್ನು ವಿಲೇವಾರಿಗೆ ಮುನ್ನ ಪಟ್ಟಿಮಾಡಬೇಕು. ಅವು ಯಾವ ತಂತ್ರಾಂಶದವು ಎಂಬುದನ್ನು ಬಳಸಿದವರಿಂದಲೇ ಕೇಳಿ ಬರೆದಿಡಬೇಕು. ಪ್ರತಿ ಬಗೆಯ ಯಂತ್ರದಲ್ಲಿ ಒಂದನ್ನಾದರೂ ನಡೆಯುವ ಸ್ಥಿತಿಯಲ್ಲಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆ ಯಂತ್ರಗಳನ್ನು ಬಿಚ್ಚಿ ಸರಿಪಡಿಸಿದ ಹಿರಿಯ ತಂತ್ರಜ್ಞರನ್ನೂ ಪೇಟೆಯ ರಿಪೇರಿಯವರನ್ನೂ ವಕ್ತೃಗಳೆಂದು ಗೌರವಿಸಿ, ಅವರು ಕೆಲಸ ಮಾಡುವಾಗಲೇ ಅವರ ಮಾತನ್ನೂ ಕೈಚಲನೆಯನ್ನೂ ದಾಖಲಿಸಬೇಕು. ಕೊಲೋಸಸ್ ಮತ್ತೆ ಎದ್ದು ನಿಂತದ್ದು ಅದನ್ನು ಕಟ್ಟಿದವರಲ್ಲಿ ಕೆಲವರು ಇನ್ನೂ ಬದುಕಿದ್ದಾಗಲೇ ಅವರನ್ನು ಕೇಳಿದ್ದರಿಂದ. ಕನ್ನಡವನ್ನು ಮೊದಲ ಬಾರಿಗೆ ಪರದೆಯ ಮೇಲೆ ಮೂಡಿಸಿದ ಯಂತ್ರಗಳನ್ನು ಬಲ್ಲವರು ಇಂದು ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳುವ ಕಾಲ ಇದು.